ಕೈ ನಿಧಾನವಾದರೂ ಗಾಲ್ಫ್ ಚೆಂಡು ದೂರ ಹೋಗುವುದೇಕೆ?

ಪ್ರಶ್ನೆ: ನಂದಿಬೆಟ್ಟದ ತಪ್ಪಲಿನ ಗಾಲ್ಫ್ ಮೈದಾನದಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು ಆಟಗಾರನೊಬ್ಬನ ಹೊಡೆತವನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ತೋರಿಸಿದರು. ಚೆಂಡಿಗೆ ಏಟು ಬೀಳುವ ಹೊತ್ತಿಗೆ ಆಟಗಾರನ ಕೈಗಳು ನಿಧಾನವಾದಂತೆ ಕಾಣುತ್ತದೆ. ಆದರೂ ಚೆಂಡು ಇನ್ನೂರು ಮೀಟರಿಗೂ ಆಚೆ ಹೋಗಿ ಬೀಳುತ್ತದೆ. ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಕೈ ನಿಧಾನವಾದರೆ ವೇಗೋತ್ಕರ್ಷ ಎಲ್ಲಿಯದು, ಬಲ ಎಲ್ಲಿಯದು? ಅಲ್ಲದೆ, ಹೊಡೆಯುವಾಗ ವೇಗ ಹೆಚ್ಚುತ್ತಲೇ ಇರಬೇಕು ಎಂದು ತರಬೇತುದಾರರು ಹೇಳುತ್ತಾರಂತೆ. ಇವೆರಡೂ ಹೇಗೆ ಹೊಂದುತ್ತವೆ?
— ಓದುಗರು, ಕೈವಾರ

ಉತ್ತರ: ನಿಮ್ಮ ಕಣ್ಣು ಮೋಸಹೋಗಿಲ್ಲ. ಪಳಗಿದ ಆಟಗಾರರ ಕೈಗಳು ಚೆಂಡನ್ನು ತಲುಪುವ ಮುಂಚೆಯೇ ನಿಧಾನವಾಗುತ್ತವೆ. ದಿನವೂ ಆಟ ನೋಡುವ ಎಷ್ಟೋ ಜನರ ಗಮನಕ್ಕೆ ಬಾರದ ಸಂಗತಿ ಇದು. ನೀವು ಅದನ್ನು ಕಂಡಿದ್ದಲ್ಲದೆ ಶಾಲೆಯ ಪಾಠದೊಂದಿಗೆ ತಾಳೆ ಹಾಕಿ ನೋಡಿದಿರಿ, ತಾಳೆಯಾಗಲಿಲ್ಲವೆಂದು ಬರೆದು ಕೇಳಿದಿರಿ. ತುಂಬ ಸಂತೋಷವಾಯಿತು. ಪಾಠವೂ ಸರಿ, ನೀವು ಕಂಡದ್ದೂ ಸರಿ. ಎರಡರ ನಡುವೆ ಒಂದು ಕೊಂಡಿ ಮಾತ್ರ ತಪ್ಪಿದೆ.

ಈ ಆಟ ನಿಮ್ಮ ಸೀಮೆಗೆ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಕೈವಾರ ಕೋಲಾರ ಜಿಲ್ಲೆಯಲ್ಲೇ ಇತ್ತು, ಅದೇ ಜಿಲ್ಲೆಯ ಚಿನ್ನದ ಗಣಿಯ ಊರಿನಲ್ಲಿ ಬ್ರಿಟಿಷ್ ಅಧಿಕಾರಿಗಳು ಗಾಲ್ಫ್ ಆಡುತ್ತಿದ್ದರು. ಆಟ ಹಳೆಯದಾದರೂ ನಮ್ಮ ಹಳ್ಳಿಗಳ ಜನ ಅದನ್ನು ಬೇಲಿಯ ಹೊರಗೆ ನಿಂತೇ ನೋಡಬೇಕಾಯಿತು. ಹಾಗಾಗಿ ಅದರ ವಿಜ್ಞಾನವನ್ನು ಕನ್ನಡದಲ್ಲಿ ಕೇಳಿದವರೂ ಕಡಿಮೆ, ಹೇಳಿದವರೂ ಕಡಿಮೆ. ಆಟಗಾರರು ಕ್ಲಬ್ ಎನ್ನುವುದನ್ನು ಇಲ್ಲಿ ಕೋಲು ಎಂದೂ, ಅದರ ತುದಿಯಲ್ಲಿ ಚೆಂಡಿಗೆ ತಗಲುವ ಗುಂಡು ಭಾಗವನ್ನು ತಲೆ ಎಂದೂ ಕರೆಯುತ್ತೇನೆ.

ಮೊದಲು ವೇಗ ಮತ್ತು ವೇಗೋತ್ಕರ್ಷಗಳನ್ನು ಬೇರೆ ಬೇರೆ ಇಟ್ಟುಕೊಳ್ಳೋಣ. ಎಷ್ಟು ಬೇಗ ಚಲಿಸುತ್ತಿದೆ ಎನ್ನುವುದು ವೇಗ. ಆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಎನ್ನುವುದು ವೇಗೋತ್ಕರ್ಷ. ಕೋಲನ್ನು ಹೆಗಲ ಮೇಲಕ್ಕೆ ಎತ್ತಿದ ಆಟಗಾರ ಅದನ್ನು ಕೆಳಗೆ ತಂದು ಚೆಂಡಿಗೆ ಮುಟ್ಟಿಸಲು ಹಿಡಿಯುವ ಸಮಯ ಸುಮಾರು ಕಾಲು ಸೆಕೆಂಡು. ಮೇಲೆ ಕ್ಷಣಕಾಲ ನಿಂತಂತಿದ್ದ ತಲೆ, ವೃತ್ತಿಪರ ಪುರುಷ ಆಟಗಾರನ ಕೈಯಲ್ಲಿ, ಚೆಂಡಿನ ಬಳಿ ಬರುವಾಗ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿರುತ್ತದೆ. ಗಂಟೆಗೆ 180 ಕಿಲೋಮೀಟರ್ ಎಂದಾಯಿತು. 50ನ್ನು ಕಾಲು ಸೆಕೆಂಡಿನಿಂದ ಭಾಗಿಸಿದರೆ ಸರಾಸರಿ ವೇಗೋತ್ಕರ್ಷ ಸೆಕೆಂಡಿಗೆ ಪ್ರತಿ ಸೆಕೆಂಡಿಗೆ 200 ಮೀಟರ್ ಬರುತ್ತದೆ. ಮೇಲಿನಿಂದ ಬಿಟ್ಟ ಕಲ್ಲಿನ ವೇಗೋತ್ಕರ್ಷಕ್ಕಿಂತ ಇದು ಇಪ್ಪತ್ತು ಪಟ್ಟು ಹೆಚ್ಚು. ಅಂದಮೇಲೆ ಕೋಲು ತನ್ನ ತೂಕದಿಂದಲೇ ಬಿದ್ದು ವೇಗ ಗಳಿಸುತ್ತದೆ ಎನ್ನುವಂತಿಲ್ಲ. ಎರಡು ಮೀಟರ್ ಎತ್ತರದಿಂದ ಬಿದ್ದ ವಸ್ತುವಿಗೆ ಬರುವ ವೇಗ ಸೆಕೆಂಡಿಗೆ ಆರು ಮೀಟರ್ ಚಿಲ್ಲರೆ ಮಾತ್ರ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಕಾಲು ಸೆಕೆಂಡಿನ ಉದ್ದಕ್ಕೂ ವೇಗ ಒಂದೇ ಸಮನಾಗಿ ಏರುವುದಿಲ್ಲ. ಕೈ, ತೋಳು ಮತ್ತು ಕೋಲು ಸೇರಿ ಒಂದೇ ಉದ್ದನೆಯ ಸಲಾಕೆಯಂತೆ ತಿರುಗುವುದೂ ಇಲ್ಲ. ತೋಳು ಒಂದು ತುಂಡು, ಕೋಲು ಇನ್ನೊಂದು ತುಂಡು, ಮಣಿಕಟ್ಟು ಇವೆರಡರ ನಡುವಿನ ಕೀಲು. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಥಿಯೋಡೋರ್ ಯೋರ್ಗನ್‌ಸನ್ ಈ ಆಟದ ಭೌತಶಾಸ್ತ್ರದ ಬಗ್ಗೆ ಬರೆದ ಪುಸ್ತಕದಲ್ಲಿ ಗಾಲ್ಫ್ ಹೊಡೆತವನ್ನು ಹೀಗೆಯೇ, ಒಂದರ ತುದಿಗೆ ಇನ್ನೊಂದನ್ನು ತೂಗಿಬಿಟ್ಟ ಜೋಡಿ ಲೋಲಕವಾಗಿ ಲೆಕ್ಕ ಹಾಕಿದ್ದಾರೆ. ವಿವರಗಳಲ್ಲಿ ಎಷ್ಟೇ ತಿದ್ದುಪಡಿಗಳಾದರೂ ಈ ಹೊಡೆತವನ್ನು ಅರಿಯಲು ಇಂದಿಗೂ ಇದಕ್ಕಿಂತ ನೇರವಾದ ದಾರಿ ಇಲ್ಲ ಎಂಬುದು ನನ್ನ ಅಭಿಪ್ರಾಯ.

ವಿಡಿಯೊವನ್ನು ಮತ್ತೊಮ್ಮೆ ತರಿಸಿಕೊಂಡು ನೋಡಿ. ಕೋಲು ಮೇಲಿರುವಾಗ ಮಣಿಕಟ್ಟು ಮಡಿಚಿರುತ್ತದೆ, ತೋಳಿಗೂ ಕೋಲಿಗೂ ನಡುವೆ ಹೆಚ್ಚುಕಡಿಮೆ ಲಂಬಕೋನವಿರುತ್ತದೆ. ಇಳಿಯುವಾಗ ಮೊದಲು ಹೊರಳುವುದು ಸೊಂಟ, ಆಮೇಲೆ ಎದೆ ಮತ್ತು ಭುಜ, ಅವುಗಳ ಹಿಂದೆ ತೋಳು. ಮಣಿಕಟ್ಟು ಮಾತ್ರ ಮಡಿಚಿಕೊಂಡೇ ಇರುತ್ತದೆ. ಕೋಲು ಮೈಗೆ ಹತ್ತಿರ ಮಡಿಚಿಕೊಂಡಿರುವುದರಿಂದ ಇಡೀ ಜೋಡಣೆಯನ್ನು ತಿರುಗಿಸುವುದು ಸುಲಭ. ತೂಕ ಅಷ್ಟೇ ಇದ್ದರೂ ಅದು ತಿರುಗುವ ನಡುಬಿಂದುವಿಗೆ ಹತ್ತಿರವಿದ್ದರೆ ತಿರುವುವವನಿಗೆ ಎದುರಾಗುವ ಜಡತ್ವ ಕಡಿಮೆ. ಈ ಹಂತದಲ್ಲಿ ಕೈಗಳು ಚುರುಕಾಗಿ ವೇಗ ಪಡೆದು ಸೆಕೆಂಡಿಗೆ ಒಂಬತ್ತು ಹತ್ತು ಮೀಟರ್ ತಲುಪುತ್ತವೆ. ತಲೆಯ ವೇಗ ಇನ್ನೂ ಹೇಳಿಕೊಳ್ಳುವಷ್ಟಿಲ್ಲ.

ಕೈಗಳು ತೊಡೆಯ ಎತ್ತರಕ್ಕೆ ಇಳಿಯುವಾಗ ಆಟ ಬದಲಾಗುತ್ತದೆ. ಕೈಗಳು ನೇರ ಗೆರೆಯಲ್ಲಿ ಹೋಗುತ್ತಿಲ್ಲ, ದುಂಡಗೆ ತಿರುಗುತ್ತಿವೆ. ಕೋಲಿನ ತಲೆಗಾದರೋ ತಾನು ಹೊರಟ ದಿಕ್ಕಿನಲ್ಲೇ ನೇರವಾಗಿ ಸಾಗುವ ಸ್ವಭಾವ. ನ್ಯೂಟನ್ನನ ಮೊದಲ ನಿಯಮವೇ ಇದು. ಹಿಡಿಕೆಯನ್ನು ಕೈಗಳು ಒಳಕ್ಕೆ ಎಳೆಯುತ್ತಿವೆ, ತಲೆ ನೇರಕ್ಕೆ ಹೋಗಲು ನೋಡುತ್ತಿದೆ. ಪರಿಣಾಮವಾಗಿ ಮಡಿಚಿದ ಕೋಲು ತಾನಾಗಿಯೇ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಮಣಿಕಟ್ಟನ್ನು ಬಲವಂತವಾಗಿ ತಿರುಚಿ ಬಿಚ್ಚಬೇಕಾಗಿಲ್ಲ. ಕೋಲು ಹೀಗೆ ಬಿಚ್ಚಿಕೊಳ್ಳುವಾಗ ಹಿಡಿಕೆ ಕೈಗಳನ್ನು ಹಿಂದಕ್ಕೆ ಜಗ್ಗುತ್ತದೆ. ಕೈ ಕೋಲನ್ನು ಎಷ್ಟು ಎಳೆಯಿತೋ ಕೋಲೂ ಕೈಯನ್ನು ಅಷ್ಟೇ ಎಳೆಯುತ್ತದೆ, ಇದು ಮೂರನೇ ನಿಯಮ. ನೀವು ವಿಡಿಯೊದಲ್ಲಿ ಕಂಡದ್ದು ಈ ಜಗ್ಗಾಟವನ್ನೇ. ಕೈಗಳು ಕಳೆದುಕೊಂಡ ವೇಗ ಎಲ್ಲಿಯೋ ಸೋರಿಹೋಗಿಲ್ಲ. ತೋಳುಗಳಲ್ಲಿದ್ದ ಚಲನಶಕ್ತಿಯ ದೊಡ್ಡ ಪಾಲು ಹಗುರವಾದ ತಲೆಗೆ ವರ್ಗವಾಗುತ್ತಿದೆ. ಹಲವು ಕೆಜಿ ತೂಕದ ತೋಳುಗಳು ಸ್ವಲ್ಪ ನಿಧಾನವಾದರೆ ಸಾಕು, 200 ಗ್ರಾಂ ತೂಗುವ ತಲೆಯ ವೇಗ ಹಲವು ಪಟ್ಟು ಏರುತ್ತದೆ.

ಬಾರುಕೋಲು ಬೀಸುವವರ ಕೈ ನಿಮಗೆ ಗೊತ್ತಿರಬೇಕು. ಕೈಯನ್ನು ಮುಂದಕ್ಕೆ ಚಾಚಿ ತಟ್ಟನೆ ತಡೆದಾಗಲೇ ಬಾರಿನ ತುದಿ ಛಟೀರೆನ್ನುವುದು. ಉದ್ದನೆಯ ಚಾಟಿಯಲ್ಲಿ ಆ ಸದ್ದು ಹುಟ್ಟುವುದು ಚಾಟಿ ಶಬ್ದದ ವೇಗವನ್ನೂ ಮೀರಿದಾಗ. ಬೀಸಿದ ಕೈಗೆ ಆ ವೇಗದ ಹತ್ತಿರಕ್ಕೂ ಹೋಗಲಾಗದು. ಬುಡದ ದಪ್ಪ ಭಾಗ ತನ್ನ ಚಲನೆಯನ್ನು ಮುಂದಿನ ಸಣ್ಣ ಭಾಗಕ್ಕೆ ಒಪ್ಪಿಸಿ ತಾನು ನಿಲ್ಲುತ್ತಾ ಹೋಗುತ್ತದೆ. ಗಾಲ್ಫ್‌ನಲ್ಲಿ ಸೊಂಟ, ಭುಜ, ತೋಳು, ಕೋಲು ಇವು ಒಂದಾದ ಮೇಲೊಂದು ಹೀಗೆ ಒಪ್ಪಿಸುತ್ತವೆ. ಸೊಂಟ ಮೊದಲು ವೇಗದ ತುದಿ ಮುಟ್ಟಿ ನಿಧಾನವಾಗುತ್ತದೆ, ಆಮೇಲೆ ಎದೆ, ಆಮೇಲೆ ತೋಳು. ಕೊನೆಗೆ ಉಳಿಯುವುದು ತಲೆಯ ವೇಗ.

ಇದರಿಂದ ಎಷ್ಟು ಲಾಭ ಎಂದು ಕೇಳಿದರೆ ಒಂದು ಸಣ್ಣ ಲೆಕ್ಕ ಮಾಡೋಣ. ಭುಜದಿಂದ ಹಿಡಿಕೆಗೆ 65 ಸೆಂಟಿಮೀಟರ್, ಹಿಡಿಕೆಯಿಂದ ತಲೆಗೆ 110 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮಣಿಕಟ್ಟು ಬಿಗಿದುಹೋಗಿ ಎರಡೂ ಒಂದೇ ಸಲಾಕೆಯಾದರೆ, ಕೈಗಳು ತಮ್ಮ ಅತಿ ಹೆಚ್ಚಿನ ವೇಗವಾದ 10 ಮೀಟರಿನಲ್ಲಿ ಹೋಗುತ್ತಿದ್ದರೂ ತಲೆಯ ವೇಗ 10ರ 175/65 ಪಟ್ಟು, ಅಂದರೆ ಸೆಕೆಂಡಿಗೆ 27 ಮೀಟರ್ ಮಾತ್ರ. ಕೀಲು ಬಿಚ್ಚಿಕೊಂಡು ಕೈಗಳು ನಿಧಾನವಾದಾಗ ಸಿಗುವುದು 50. ಕೈಯನ್ನು ಕೊನೆಯವರೆಗೂ ಜೋರಾಗಿ ಓಡಿಸಬೇಕೆಂದು ಹೊಸಬರು ಮಣಿಕಟ್ಟನ್ನು ಬಿಗಿಹಿಡಿದು ಒದ್ದಾಡುತ್ತಾರೆ, ಚೆಂಡು ಮಾತ್ರ ಅಷ್ಟು ದೂರ ಹೋಗುವುದಿಲ್ಲ. ಕಾರಣ ಈ ಲೆಕ್ಕದಲ್ಲಿದೆ.

ವೇಗೋತ್ಕರ್ಷದ ಇನ್ನೊಂದು ಮುಖವೂ ಇಲ್ಲಿದೆ. ವೇಗದ ದಿಕ್ಕು ಬದಲಾದರೂ ಅದು ವೇಗೋತ್ಕರ್ಷವೇ. ದುಂಡಗೆ ತಿರುಗುವ ತಲೆಯನ್ನು ಒಳಕ್ಕೆ ಎಳೆದು ಹಿಡಿಯದಿದ್ದರೆ ಅದು ನೇರವಾಗಿ ಹಾರಿಹೋಗುತ್ತದೆ. ಚೆಂಡಿನ ಬಳಿ ಈ ಒಳಮುಖದ ವೇಗೋತ್ಕರ್ಷ ಗುರುತ್ವದ ವೇಗೋತ್ಕರ್ಷಕ್ಕಿಂತ ನೂರೈವತ್ತು ಪಟ್ಟಿನ ಆಸುಪಾಸಿನಲ್ಲಿರುತ್ತದೆ. 200 ಗ್ರಾಂ ತಲೆಯನ್ನು ಆ ಕ್ಷಣ ಹಿಡಿದಿಡಲು ಸುಮಾರು 30 ಕೆಜಿ ಭಾರ ತೂಗುವಷ್ಟು ಬಲ ಬೇಕು. ಆಟಗಾರ ಕೊನೆಯ ಗಳಿಗೆಯಲ್ಲಿ ಕೋಲನ್ನು ಮುಂದಕ್ಕೆ ತಳ್ಳುವುದಕ್ಕಿಂತ ಹೆಚ್ಚಾಗಿ ತನ್ನ ಕಡೆಗೆ, ಮೇಲಕ್ಕೆ ಎಳೆದು ಹಿಡಿಯುತ್ತಿರುತ್ತಾನೆ. ಹಾಗೆ ಹಿಡಿಕೆಯನ್ನು ಸ್ವಲ್ಪ ಒಳಕ್ಕೆಳೆದುಕೊಂಡರೆ ತಲೆಗೆ ಇನ್ನಷ್ಟು ವೇಗ ಕೂಡುತ್ತದೆಂದು ಜಪಾನಿನ ಸಂಶೋಧಕ ಮಿಯುರ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಒಳ್ಳೆಯ ಆಟಗಾರರು ಹೊಡೆಯುವಾಗ ಎಡಗಾಲನ್ನು ನೆಟ್ಟಗೆ ಮಾಡಿ ಮೇಲೇಳುವಂತೆ ಕಾಣುವುದು ನಿಮ್ಮ ವಿಡಿಯೊದಲ್ಲೂ ಇರಬಹುದು, ಗಮನಿಸಿ.

ಇನ್ನು ಬಲದ ಸೂತ್ರ. ಗೊಂದಲ ಇಲ್ಲೇ ಇದೆ, ಆಗುವುದು ಸಹಜ. ಒಂಬತ್ತನೇ ತರಗತಿಯ ಆ ಸೂತ್ರವನ್ನು ಬಳಸುವಾಗ ಯಾವ ವಸ್ತುವಿನ ಮೇಲಿನ ಬಲ, ಯಾವ ವಸ್ತುವಿನ ವೇಗೋತ್ಕರ್ಷ ಎಂದು ಮೊದಲು ಕೇಳಿಕೊಳ್ಳಬೇಕು. ನೀವು ಚೆಂಡಿನ ಮೇಲಿನ ಬಲವನ್ನು ಕೈಯ ವೇಗೋತ್ಕರ್ಷದಿಂದ ಲೆಕ್ಕ ಹಾಕಲು ಹೊರಟಿರಿ. ಚೆಂಡಿನ ಮೇಲಿನ ಬಲ ಬೇಕಾದರೆ ಚೆಂಡಿನ ವೇಗೋತ್ಕರ್ಷವನ್ನೇ ಹಾಕಬೇಕು. ನಿಯಮದ ಪ್ರಕಾರ ಚೆಂಡು 45.93 ಗ್ರಾಂಗಿಂತ ಹೆಚ್ಚು ತೂಗುವಂತಿಲ್ಲ. 200 ಗ್ರಾಂ ತಲೆ 50 ಮೀಟರ್ ವೇಗದಲ್ಲಿ ಬಂದು ನಟ್ಟನಡುವೆ ತಗುಲಿದರೆ ಚೆಂಡು ಸೆಕೆಂಡಿಗೆ ಸುಮಾರು 74 ಮೀಟರ್ ವೇಗದಲ್ಲಿ ಹೊರಡುತ್ತದೆ. ಎರಡೂ ಅಂಟಿಕೊಂಡಿರುವ ಹೊತ್ತು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು. ಅಷ್ಟರೊಳಗೆ ಸೊನ್ನೆಯಿಂದ 74 ಎಂದರೆ ಚೆಂಡಿನ ವೇಗೋತ್ಕರ್ಷ ಗುರುತ್ವದ್ದಕ್ಕಿಂತ ಸುಮಾರು 15 ಸಾವಿರ ಪಟ್ಟು. ಸೂತ್ರದಲ್ಲಿ ಇದನ್ನು ಹಾಕಿ ನೋಡಿ, ಸರಾಸರಿ ಬಲ ಏಳುನೂರು ಕೆಜಿ ಭಾರದ ಹತ್ತಿರ ಬರುತ್ತದೆ. ಸೂತ್ರಕ್ಕೇನೂ ಭಂಗವಾಗಲಿಲ್ಲ.

ಆ ಗಳಿಗೆಯಲ್ಲಿ ಕೋಲಿನ ತಲೆ ಏನಾಗುತ್ತದೆ? ಚೆಂಡಿಗೆ ಸಂವೇಗ ಕೊಟ್ಟು ತಾನು ನಿಧಾನವಾಗುತ್ತದೆ. 50ರಲ್ಲಿ ಬಂದದ್ದು 33ಕ್ಕೆ ಇಳಿಯುತ್ತದೆ. ಹೊಡೆತದ ಕ್ಷಣದಲ್ಲಿ ತಲೆಯ ವೇಗ ಹೆಚ್ಚುತ್ತಿರುತ್ತದೆ ಎನ್ನುವ ಮಾತು ಯಾರಿಗೂ ಸಾಧಿಸಲಾಗದ್ದು. ಮುಟ್ಟುವ ಮುನ್ನ ವೇಗ ಏರುತ್ತಿದ್ದರೂ ಅದರಿಂದ ಚೆಂಡಿಗೆ ಹೆಚ್ಚು ಲಾಭವಿಲ್ಲ. ಮೊದಲು ಹೇಳಿದ 200ರ ವೇಗೋತ್ಕರ್ಷ ಹೊಡೆತದ ಉದ್ದಕ್ಕೂ ಮುಂದುವರಿಯಿತೆಂದೇ ಇಟ್ಟುಕೊಂಡರೂ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದ ಹೊತ್ತಿನಲ್ಲಿ ಅದು ಕೂಡಿಸುವ ವೇಗ ಸೆಕೆಂಡಿಗೆ 10 ಸೆಂಟಿಮೀಟರ್. 50 ಮೀಟರಿನ ಮುಂದೆ ಅದು ಲೆಕ್ಕಕ್ಕಿಲ್ಲ. ತಲೆ ಬಂದು ಮುಟ್ಟಿದಾಗ ಎಷ್ಟು ವೇಗದಲ್ಲಿತ್ತು ಎನ್ನುವುದಷ್ಟೇ ಚೆಂಡಿಗೆ ತಿಳಿಯುತ್ತದೆ.

ಇದನ್ನು ಪ್ರಯೋಗದಿಂದ ಪರೀಕ್ಷಿಸಿದವರಿದ್ದಾರೆ. ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ವಿವರವಿದೆ. ತಲೆಗೆ ಸ್ವಲ್ಪ ಮೇಲೆ ಕೋಲಿನಲ್ಲಿ ಸಡಿಲವಾದ ಕೀಲು ಕೂರಿಸಿ ಹೊಡೆಸಿ ನೋಡಿದರು. ಕೀಲಿನ ಮೂಲಕ ಕೈಯ ತಳ್ಳುವಿಕೆ ತಲೆಗೆ ದಾಟುವಂತಿಲ್ಲ. ಆದರೂ ಚೆಂಡು ಹೆಚ್ಚುಕಡಿಮೆ ಅಷ್ಟೇ ದೂರ ಹೋಯಿತು. ಡಿಕ್ಕಿಯ ಆ ಗಳಿಗೆಯಲ್ಲಿ ತಲೆ ಕೋಲಿನಿಂದ ಕಳಚಿಕೊಂಡ ಬಿಡಿ ಗುಂಡಿನಂತೆ ವರ್ತಿಸುತ್ತದೆ ಎಂದಾಯಿತು. ಏಟು ಬಿದ್ದ ಅನುಭವ ಬೆರಳಿನಿಂದ ಮಿದುಳಿಗೆ ಮುಟ್ಟುವಷ್ಟರಲ್ಲಿ ಚೆಂಡು ಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಚೆಂಡಿಗೆ ಮುಟ್ಟಿಸಿಕೊಂಡು ತಳ್ಳಿದೆ ಎಂದು ಆಟಗಾರನಿಗೆ ಅನಿಸುವುದು ನಿಜ, ಹಾಗೆ ತಳ್ಳಲು ಸಮಯವೇ ಇರುವುದಿಲ್ಲ.

ಹಾಗಾದರೆ ತರಬೇತುದಾರರ ಮಾತು ಸುಳ್ಳೇ? ಭೌತಶಾಸ್ತ್ರದ ಹೇಳಿಕೆಯಾಗಿ ತೆಗೆದುಕೊಂಡರೆ ಅದು ನಿಲ್ಲುವುದಿಲ್ಲ, ಕಲಿಯುವವನಿಗೆ ಕೊಡುವ ಮದ್ದಾಗಿ ನಿಲ್ಲುತ್ತದೆ. ನಿಧಾನವಾಗುವುದರಲ್ಲಿ ಎರಡು ಬಗೆ. ತೋಳು ತನ್ನ ಶಕ್ತಿಯನ್ನು ಕೋಲಿಗೆ ಕೊಟ್ಟು ನಿಧಾನವಾಗುವುದು ಒಂದು. ಚೆಂಡು ಅತಿ ದೂರ ಹೋದೀತೆಂಬ ಅಂಜಿಕೆಯಿಂದ ಆಟಗಾರ ತಾನೇ ಸ್ನಾಯು ಬಿಗಿದು ಬ್ರೇಕು ಹಾಕುವುದು ಇನ್ನೊಂದು. ಎರಡನೆಯದರಲ್ಲಿ ಶಕ್ತಿ ಕೋಲಿಗೆ ಹೋಗದೆ ಸ್ನಾಯುಗಳಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ, ತಲೆಯ ಮುಖವೂ ಅತ್ತಿತ್ತ ತಿರುಗಿ ಚೆಂಡು ದಿಕ್ಕು ತಪ್ಪುತ್ತದೆ. ಕುಳಿಯ ಸುತ್ತಲಿನ ಹಸಿರು ಹಾಸಿನ ಹತ್ತಿರದ ಸಣ್ಣ ಹೊಡೆತಗಳಲ್ಲಿ ಹೊಸಬರು ಈ ತಪ್ಪನ್ನು ಮೇಲಿಂದ ಮೇಲೆ ಮಾಡುತ್ತಾರೆ. ಅವರಿಗೆ ವೇಗ ಹೆಚ್ಚಿಸುತ್ತಾ ಹೊಡೆಯಿರಿ ಎಂದು ಹೇಳಿದರೆ ಬ್ರೇಕು ಬಿಡುತ್ತಾರೆ, ಕೆಲಸ ಆಗುತ್ತದೆ. ಆ ಸಲಹೆಯನ್ನು ನಾನು ತೆಗೆದುಹಾಕಲು ಹೇಳುವುದಿಲ್ಲ.

ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ತಮ್ಮೂರೇ ಎಂದು ನಂಬಿದ ಕೈವಾರದವರು ಕೇಳಿಯೇ ಕೇಳುವ ಇನ್ನೊಂದು ಪ್ರಶ್ನೆ ಇದೆ: ತೋಳ್ಬಲದ ಪಾತ್ರವೇನು? 50 ಮೀಟರ್ ವೇಗದ ತಲೆಯಲ್ಲಿರುವ ಚಲನಶಕ್ತಿ 250 ಜೂಲ್. ಅದನ್ನು ಕಾಲು ಸೆಕೆಂಡಿನಲ್ಲಿ ತುಂಬಬೇಕಾದರೆ ಸಾವಿರ ವ್ಯಾಟ್, ಒಂದು ಅಶ್ವಶಕ್ತಿಗೂ ಹೆಚ್ಚು. ತೋಳುಗಳ ಸ್ವಂತ ಚಲನೆಗೆ ಬೇಕಾದದ್ದು ಇದರ ಮೇಲೆ. ಇಷ್ಟನ್ನು ತೋಳಿನ ಸ್ನಾಯುಗಳಷ್ಟೇ ಕೊಡಲಾರವು. ತೊಡೆ, ಪೃಷ್ಠ, ಬೆನ್ನಿನ ದೊಡ್ಡ ಸ್ನಾಯುಗಳು ದುಡಿಯಲೇಬೇಕು, ಅವು ದುಡಿಯಲು ಪಾದಗಳು ನೆಲವನ್ನು ಒತ್ತಬೇಕು. ಬಲ ಬೇಕು, ಆದರೆ ಅದು ಕೈಗೆ ಸೇರುವುದು ಕಾಲಿನಿಂದ.

ದೂರವೇ ಎಲ್ಲವೂ ಅಲ್ಲ ಎಂಬುದಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. ವೃತ್ತಿಪರ ಮಹಿಳೆಯರಲ್ಲಿ ತಲೆಯ ಸರಾಸರಿ ವೇಗ ಸೆಕೆಂಡಿಗೆ 42 ಮೀಟರ್ ಆಸುಪಾಸು. ಅದಿತಿ ದೂರ ಹೊಡೆಯುವವರ ಸಾಲಿನಲ್ಲಿ ಬರುವವರೇ ಅಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಮಗಿಂತ ಎಷ್ಟೋ ದೂರ ಹೊಡೆಯುವವರ ಮಧ್ಯೆ, ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಹಸಿರು ಹಾಸಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಕೆಲಸದಲ್ಲಿ ಅವರಿಗೆ ಸಾಟಿಯಾಗುವವರು ಕೆಲವೇ ಜನ. ನಾವು ಅವರ ಆಟವನ್ನು ಇನ್ನೂ ಹೆಚ್ಚು ನೋಡಬೇಕಿತ್ತು ಎಂಬ ಕೊರಗು ನನಗಿದೆ.

ನೀವೇ ಮಾಡಿ ನೋಡಬಹುದಾದ ಎರಡು ಪರೀಕ್ಷೆಗಳಿವೆ. ತೋಳುದ್ದದ ಹುಣಸೆ ಬರಲು ತೆಗೆದುಕೊಳ್ಳಿ. ಸುತ್ತ ಯಾರೂ ಇಲ್ಲದ ಕಡೆ ನಿಂತು ಮೊದಲು ಮಣಿಕಟ್ಟನ್ನು ಬಿಗಿಹಿಡಿದು, ತೋಳನ್ನಷ್ಟೇ ಬಳಸಿ ಬೀಸಿ. ಆಮೇಲೆ ಹಿಡಿತ ಸಡಿಲಿಸಿ, ಸೊಂಟ ಮೊದಲು ಹೊರಳುವಂತೆ ಬೀಸಿ. ಎರಡನೆಯ ಸಲ ಸುಯ್ಯೆನ್ನುವ ಸದ್ದು ಜೋರಾಗಿರುತ್ತದೆ, ಬರುವುದೂ ಬೀಸಿನ ಕೆಳಭಾಗದಲ್ಲಿ. ಸದ್ದು ಎಲ್ಲಿ ಜೋರಾಗಿದೆಯೋ ಅಲ್ಲಿ ತುದಿಯ ವೇಗ ಹೆಚ್ಚು. ಗಾಲ್ಫ್ ಕಲಿಸುವವರೂ ಕೋಲನ್ನು ತಲೆಕೆಳಗಾಗಿ ಹಿಡಿಸಿ ಇದೇ ಸದ್ದನ್ನು ಆಲಿಸಲು ಹೇಳುತ್ತಾರೆ.

ಎರಡನೆಯದು ಆ ವಿಡಿಯೊ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲಾದರೆ, ಕೋಲು ಇಳಿಯುವ ಕಾಲು ಸೆಕೆಂಡಿಗೆ ಸುಮಾರು 60 ಚಿತ್ರಗಳು ಸಿಗುತ್ತವೆ. ಒಂದೊಂದೇ ಚಿತ್ರವನ್ನು ಸರಿಸುತ್ತಾ ಹಿಡಿಕೆ ಎಷ್ಟು ಜರುಗಿತು, ತಲೆ ಎಷ್ಟು ಜರುಗಿತು ಎಂದು ಪರದೆಯ ಮೇಲೆ ಚುಕ್ಕಿ ಇಟ್ಟು ಅಳೆಯಿರಿ. ಚೆಂಡಿನ ಹತ್ತಿರ ತಲೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಗೇಣಿನಷ್ಟು, ಸುಮಾರು 20 ಸೆಂಟಿಮೀಟರ್ ಹಾರುತ್ತದೆ. ತಲೆ ಚೆಂಡಿಗೆ ಅಂಟಿಕೊಂಡ ಕ್ಷಣ ಮಾತ್ರ ಸಿಗುವುದು ಅಪರೂಪ, ಎರಡು ಚಿತ್ರಗಳ ನಡುವಿನ ಬಿಡುವಿನ ಎಂಟನೇ ಒಂದು ಭಾಗದಲ್ಲಿ ಅದು ಮುಗಿದಿರುತ್ತದೆ. ಹಿಡಿಕೆಯ ಚುಕ್ಕಿಗಳು ಒಂದಕ್ಕೊಂದು ಹತ್ತಿರವಾಗತೊಡಗುವ ಚಿತ್ರ ಯಾವುದು, ತಲೆಯ ಚುಕ್ಕಿಗಳು ದೂರದೂರವಾಗತೊಡಗುವ ಚಿತ್ರ ಯಾವುದು ಎಂದು ಗುರುತು ಮಾಡಿ, ಎರಡೂ ಎಷ್ಟು ಹತ್ತಿರ ಬಂದವೆಂದು ನಮಗೂ ಬರೆದು ತಿಳಿಸಿ.